5ಎಆರ್4 ರೆಕ್ಟಿಫೈಯರ್ ವಾಲ್ವಿನ ಹೀಟರಿಗೆ 5.5 ವೋಲ್ಟ್ ಬರುತ್ತಿದ್ದರೆ ರೆಸಿಸ್ಟರ್ ಹಾಕಿ ಇಳಿಸಬಹುದೇ?

ನಿಮ್ಮ ಆಂಪ್ಲಿಫೈಯರಿನ ಪವರ್ ಟ್ರಾನ್ಸ್‌ಫಾರ್ಮರ್ 220 ವೋಲ್ಟಿನದು, ಮನೆಗೆ ಬರುತ್ತಿರುವುದು 240 ಎಂದು ಬರೆದಿದ್ದೀರಿ. 5ಎಆರ್4 ಎಂದರೆ ಎಸಿಯನ್ನು ಡಿಸಿಯಾಗಿ ಬದಲಿಸುವ ವಾಲ್ವು, ಅದನ್ನು ಕಾಯಿಸುವ ಹೀಟರಿಗೆ ಬೇಕಾದದ್ದು 5 ವೋಲ್ಟ್. ರೆಸಿಸ್ಟರ್ ಹಾಕಬಹುದು, ಲೆಕ್ಕವೂ ಸುಲಭವೇ. 5ಎಆರ್4ರ ಹೀಟರ್ 1.9 ಆಂಪಿಯರ್ ಎಳೆಯುವುದರಿಂದ ಅರ್ಧ ವೋಲ್ಟ್ ಇಳಿಸಲು 0.27 ಓಮ್ ಸಾಕು. ಅದರಲ್ಲಿ ಸುಮಾರು ಒಂದು ವ್ಯಾಟ್ ಶಾಖವಾಗಿ ಹೋಗುವುದರಿಂದ 5 ವ್ಯಾಟಿನ ವೈರ್‌ವೂಂಡ್ ರೆಸಿಸ್ಟರ್ ತಂದು, ಎರಡನೆಯ ಪಿನ್ನಿಗೆ ಹೋಗುವ ತಂತಿಯಲ್ಲಿ ಸರಣಿಯಾಗಿ ಸೇರಿಸಿ. ಕ್ಯಾಥೋಡ್ (ಕಾದಾಗ ಎಲೆಕ್ಟ್ರಾನುಗಳನ್ನು ಹೊರಡಿಸುವ ಭಾಗ) ಎಂಟನೆಯ ಪಿನ್ನಿಗೆ ಸೇರಿದ್ದು ಎಚ್‌ಟಿ (ವಾಲ್ವುಗಳಿಗೆ ಹೋಗುವ ಹೆಚ್ಚಿನ ಡಿಸಿ ವೋಲ್ಟೇಜ್) ಅಲ್ಲಿಂದಲೇ ಹೊರಡುವುದರಿಂದ ಆ ಕಡೆಯನ್ನು ಹಾಗೆಯೇ ಬಿಡುವುದು ಒಳ್ಳೆಯದು.

ಆದರೆ ನಾನಾಗಿದ್ದರೆ ಈ ಕೆಲಸವನ್ನು ಮೊದಲು ಮಾಡುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರಿನ 5 ವೋಲ್ಟಿನ ಸುತ್ತು (ವೈಂಡಿಂಗ್) 5.5 ಕೊಡುತ್ತಿದ್ದರೆ ಉಳಿದ ವಾಲ್ವುಗಳ ಹೀಟರುಗಳಿಗೆ ಹೋಗುವ 6.3ರ ಸುತ್ತು 6.9ರ ಹತ್ತಿರ ಇದ್ದೇ ಇರುತ್ತದೆ, ಎಚ್‌ಟಿ ಕೂಡ ಶೇಕಡಾ 9ರಷ್ಟು ಏರಿರುತ್ತದೆ. ರೆಕ್ಟಿಫೈಯರಿಗೆ ಹಾಕಿದ ರೆಸಿಸ್ಟರಿನಿಂದ ಔಟ್‌ಪುಟ್ ವಾಲ್ವುಗಳಿಗಾಗಲಿ ಫಿಲ್ಟರ್ ಕೆಪಾಸಿಟರುಗಳಿಗಾಗಲಿ ಯಾವ ಉಪಕಾರವೂ ಆಗುವುದಿಲ್ಲ. ಆದ್ದರಿಂದ ಇಳಿಸಬೇಕಾದದ್ದು ಪ್ರೈಮರಿಯ, ಅಂದರೆ ಮೇನ್ಸ್ ಸೇರುವ, ಕಡೆಯಲ್ಲಿ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 9-0-9, 2 ಆಂಪಿಯರಿನ ಸಣ್ಣ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯನ್ನು ಮೇನ್ಸಿಗೆ ಕೊಟ್ಟು, ಸೆಕೆಂಡರಿಯ ಎರಡು ತುದಿಗಳನ್ನು (ನಡುವಿನ ತಂತಿಯನ್ನು ಬಿಟ್ಟು) ಆಂಪ್ಲಿಫೈಯರಿಗೆ ಹೋಗುವ ಲೈನಿನಲ್ಲಿ ವಿರುದ್ಧ ಫೇಸಿನಲ್ಲಿ ಸೇರಿಸಿದರೆ, 240ರಲ್ಲಿ ಸುಮಾರು 19 ಕಳೆದು 221 ಉಳಿಯುತ್ತದೆ ಮತ್ತು ಎಲ್ಲ ಸುತ್ತುಗಳೂ ಒಟ್ಟಿಗೆ ಸರಿಹೋಗುತ್ತವೆ. ತುದಿಗಳು ಅದಲುಬದಲಾದರೆ ವೋಲ್ಟೇಜ್ 259ಕ್ಕೆ ಏರುತ್ತದೆ. ಹಾಗಾಗಿ ಆಂಪ್ಲಿಫೈಯರನ್ನು ಸೇರಿಸುವ ಮುನ್ನ ಮೀಟರಿನಲ್ಲಿ ನೋಡಿಕೊಳ್ಳಿ. ಫ್ಯೂಸ್ ಇರಲಿ.

ಎಚ್‌ಟಿಯನ್ನು ತಗ್ಗಿಸುವ ಉದ್ದೇಶದಿಂದಲೇ ಕೆಲವರು ಹೀಟರನ್ನು ಐದು ವೋಲ್ಟಿಗಿಂತ ಬಹಳ ಕೆಳಕ್ಕೆ ಇಳಿಸುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ: ಕ್ಯಾಥೋಡ್ ಸಾಕಷ್ಟು ಕಾಯದಿದ್ದರೆ ಬೇಕಾದಷ್ಟು ಎಲೆಕ್ಟ್ರಾನುಗಳು ಹೊರಡದೆ, ಅದರ ಆಕ್ಸೈಡ್ ಲೇಪ ಬೇಗ ಕೆಡುತ್ತದೆ. ಎಚ್‌ಟಿ ಕಡಿಮೆಯಾಗಬೇಕಿದ್ದರೆ ವಾಲ್ವನ್ನೇ ಬದಲಾಯಿಸಿ. 225 ಮಿಲಿಆಂಪಿಯರಿನಲ್ಲಿ 5ಎಆರ್4 ಸುಮಾರು 17 ವೋಲ್ಟ್ ನುಂಗಿದರೆ 5ಯು4ಜಿ ಎಂಬ ಇನ್ನೊಂದು ರೆಕ್ಟಿಫೈಯರ್ ಸುಮಾರು 44 ನುಂಗುತ್ತದೆ. ಆದರೆ ಅದರ ಹೀಟರಿಗೆ 3 ಆಂಪಿಯರ್ ಬೇಕು, ನಿಮ್ಮ ಸುತ್ತು ಅಷ್ಟನ್ನು ತಾಳಬೇಕು.

ಅಳೆಯುವಾಗ ಎಲ್ಲ ವಾಲ್ವುಗಳೂ ಸಾಕೆಟ್ಟಿನಲ್ಲಿದ್ದು ಕಾದಿರಬೇಕು. ಹೀಟರಿನ ಎರಡು ಪಿನ್ನುಗಳ ನಡುವೆ ಐದೇ ವೋಲ್ಟ್ ಇದ್ದರೂ ಷಾಸಿಗೆ (ಲೋಹದ ಚೌಕಟ್ಟಿಗೆ) ಹೋಲಿಸಿದರೆ ಎರಡೂ 400 ವೋಲ್ಟಿನ ಆಸುಪಾಸಿನಲ್ಲಿರುತ್ತವೆ. ಪ್ಲಗ್ ಕಿತ್ತು, ಕೆಪಾಸಿಟರುಗಳನ್ನು ಬರಿದು ಮಾಡಿ, ಮೀಟರಿನ ಕ್ಲಿಪ್ಪುಗಳನ್ನು ಸಿಕ್ಕಿಸಿ, ಕೈ ಹೊರಗೆ ತೆಗೆದ ಮೇಲೆಯೇ ಸ್ವಿಚ್ ಹಾಕಿ. ಮೀಟರು 4.75ರಿಂದ 5.25ರ ಒಳಗೆ ತೋರಿಸಿದರೆ ಮತ್ತೇನೂ ಮಾಡಬೇಕಾಗಿಲ್ಲ.