ಇಲಿ ಪಾಷಾಣ, ಅಡಿಕೆ ಮತ್ತು ನಿಮ್ಮ ಅಣ್ಣನವರ ಮಾತ್ರೆ

(ಹೃದ್ರೋಗ ಮತ್ತು ಕ್ಯಾನ್ಸರ್ ಸಂಶೋಧನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: "ಇಲಿಗಳ ಕ್ಯಾನ್ಸರ್ ವಾಸಿ ಮಾಡಲು ಕೋಟಿಗಟ್ಟಲೆ ಸುರಿಯುತ್ತಾರೆ. ನಮ್ಮ ಊರಿಗೆ ಏನು ಬಂತು? ಹೃದಯದ ಕವಾಟ ಬದಲಾಯಿಸಿಕೊಂಡ ನನ್ನ ಅಣ್ಣ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುತ್ತ, ರಕ್ತ ಪರೀಕ್ಷೆಗೆಂದು ತಿಂಗಳು ತಿಂಗಳು ಶಿವಮೊಗ್ಗಕ್ಕೆ ಓಡಬೇಕು. ನಮ್ಮ ಗಿಡಮೂಲಿಕೆ ಸಾಲದೇ? ಆ ಹಣದಲ್ಲಿ ಅಡಿಕೆಯಿಂದ ಅಪಾಯವಿಲ್ಲವೆಂದು ಸಾಬೀತು ಮಾಡಲಿ.")

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಕ್ಷರ ದುಂಡಗಿದೆ, ಸಿಟ್ಟು ಅದಕ್ಕಿಂತ ದುಂಡಗಿದೆ. ಗಿಡಮೂಲಿಕೆಯ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಅಜ್ಜಿಯ ಒಂದೆಲಗದ ತಂಬುಳಿ ಉಂಡು ಬೆಳೆದವನು ನಾನೂ. ಅದಿರಲಿ.

ನಿಮ್ಮ ಅಣ್ಣನವರ ಮಾತ್ರೆಯ ಕಥೆ ಕೇಳಿ. ಅದು ಹುಟ್ಟಿದ್ದು ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಸಿಹಿ ಕ್ಲೋವರ್ ಎಂಬ ಮೇವು ಬೂಷ್ಟು ಹಿಡಿದದ್ದೇ ಕಾರಣವೆಂದು ಪಶುವೈದ್ಯರು ಕಂಡುಕೊಂಡರು, ಆದರೆ ಅದರೊಳಗಿನ ವಿಷ ಯಾವುದೆಂದು ಗೊತ್ತಾಗಲಿಲ್ಲ. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹಿಮದ ಬಿರುಗಾಳಿಯಲ್ಲೇ ಒಂದು ಸತ್ತ ಹಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು, ಒಂದಷ್ಟು ಮೇವು ಹೇರಿಕೊಂಡು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿಯ ಬಳಿಗೆ ಬಂದ. ಆ ಮೇವಿನ ವಿಷವನ್ನು ಹರಳುಗಟ್ಟಿಸಿ ಕೈಗೆ ತೆಗೆದುಕೊಳ್ಳಲು ಲಿಂಕ್ ಅವರ ಗುಂಪಿಗೆ ಆರು ವರ್ಷ ಹಿಡಿಯಿತು. ಅದೇ ಜಾಡಿನಲ್ಲಿ ತಯಾರಾದ ವಾರ್ಫರಿನ್ 1948ರಲ್ಲಿ ಪೇಟೆಗೆ ಬಂದದ್ದು ಇಲಿ ಪಾಷಾಣವಾಗಿ! 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಕೊಟ್ಟದ್ದೂ ಅದನ್ನೇ. 1935ರಲ್ಲಿ ಯಾರಾದರೂ ನಿಮ್ಮಂತೆ, "ಎರಡು ವರ್ಷ ಹುಲ್ಲು ಕುದಿಸಿದಿರಲ್ಲ, ಜನಕ್ಕೇನು ಬಂತು?" ಎಂದು ಲೆಕ್ಕ ಕೇಳಿದ್ದರೆ ಲಿಂಕ್ ಏನು ತೋರಿಸಬೇಕಿತ್ತು? (ಅಣ್ಣನವರಿಗೆ ಮನೆಯಲ್ಲಿ ಕಷಾಯ ಮಾಡಿಕೊಡುತ್ತಿದ್ದರೆ ದಯವಿಟ್ಟು ವೈದ್ಯರಿಗೆ ತಿಳಿಸಿ. ಊಟದಲ್ಲಿ ಸೊಪ್ಪು ಹೆಚ್ಚುಕಡಿಮೆಯಾದರೂ ಆ ಮಾತ್ರೆಯ ಹದ ತಪ್ಪುತ್ತದೆ. ತಿಂಗಳ ಪರೀಕ್ಷೆ ಅದಕ್ಕೇ.)

ಇನ್ನು ನಿಮ್ಮ ಅಂಗಳಕ್ಕೆ ಬರೋಣ. ತುಳಸಿಕಟ್ಟೆಯ ಪಕ್ಕ ನಿತ್ಯಪುಷ್ಪ ಇದ್ದೇ ಇರುತ್ತದೆ, ದನವೂ ಮೂಸದ ಗಿಡ. ಜಮೈಕಾದ ಜನ ಅದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಆ ಎಲೆ 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅವರ ಕೈಸೇರಿತು. ಇಲಿಗಳಿಗೆ ಕೊಟ್ಟು ನೋಡಿದರೆ ಸಕ್ಕರೆ ಇಳಿಯಲಿಲ್ಲ; ಬಿಳಿ ರಕ್ತಕಣಗಳು ಇಳಿದವು. ಹಾಗಾದರೆ ಬಿಳಿ ಕಣಗಳು ಮಿತಿಮೀರುವ ರಕ್ತ ಕ್ಯಾನ್ಸರಿಗೆ? ವಿನ್‌ಬ್ಲಾಸ್ಟಿನ್ ಬಂತು, ಅದರ ಹಿಂದೆಯೇ ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಬಂತು. ಅದರ ಒಂದು ಗ್ರಾಂಗೆ ಬೇಕಾಗುವ ಒಣ ಎಲೆ ಕಡಿಮೆಯೆಂದರೂ ಅರ್ಧ ಟನ್. ಯಾವ ಕಷಾಯದ ಪಾತ್ರೆಯಲ್ಲಿ ಕುದಿಸುತ್ತೀರಿ? ಗಿಡ ಹಳ್ಳಿಯದೇ, ಒಪ್ಪಿದೆ. ಆದರೆ ಅದು ಯಾವ ರೋಗಕ್ಕೆ ಎಂಬುದನ್ನು ಹೇಳಿಕೊಟ್ಟದ್ದು ನೀವು ಬೈದ ಆ ಇಲಿ.

ನಮ್ಮ ಘಟ್ಟದ ದುರ್ವಾಸನೆ ಮರದ ಪಾಡು ಇನ್ನೊಂದು ಬಗೆಯದು. ಕ್ಯಾನ್ಸರ್ ಮದ್ದುಗಳಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು 1966ರಲ್ಲಿ ಚೀನಾದ ಮರವೊಂದರಿಂದ ಬೇರ್ಪಡಿಸಿದವರು ಮನ್ರೋ ವಾಲ್ ಮತ್ತು ನಮ್ಮ ದೇಶದಲ್ಲೇ ಹುಟ್ಟಿದ ಮನ್ಸುಖ್ ವಾಣಿ. 1972ರಲ್ಲಿ ಅದು ನಮ್ಮ ಮರದಲ್ಲೂ ಧಾರಾಳವಾಗಿದೆಯೆಂದು ಭಾರತೀಯ ವಿಜ್ಞಾನಿಗಳೇ ತೋರಿಸಿದರು. ಆಮೇಲೆ ನಾವು ಮಾಡಿದ್ದೇನು? ಮರ ಕಡಿದು ಚಕ್ಕೆ ಮಾಡಿ ಮಾರಿದೆವು.

ಇಷ್ಟು ಹೇಳಿದ ಮೇಲೆ ಅಡಿಕೆಯನ್ನು ಬಿಟ್ಟು ಓಡಿದರೆ ನೀವು ನಗುತ್ತೀರಿ. ನನಗೂ ಒಂದೂವರೆ ಎಕರೆ ತೋಟವಿದೆ. ಕೊಳೆ ಬಂದ ವರ್ಷ ನಾನೂ ನಿದ್ದೆಗೆಟ್ಟಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನು, ತಂಬಾಕು ಸೇರದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿತು. ಓದಿದ ದಿನ ಊಟ ರುಚಿಸಲಿಲ್ಲ. ಆದರೆ "ಸಾಬೀತು ಮಾಡಲಿ" ಎನ್ನುತ್ತೀರಲ್ಲ, ಆ ಮಾತು ನನಗೆ ಆಗಿಬರುವುದಿಲ್ಲ. ಹುಡುಗಿಯನ್ನು ಮೊದಲೇ ಒಪ್ಪಿಕೊಂಡು, ಜಾತಕ ಕೂಡಿಬರುತ್ತದೆ ಎನ್ನುವ ಜೋಯಿಸರು ಸಿಗುವ ತನಕ ಊರೂರು ತಿರುಗುತ್ತೇವಲ್ಲ, ಹಾಗಾಯಿತು ಇದು. ಹಲ್ಲಿನ ವೈದ್ಯರೊಬ್ಬರ ಕೊಠಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದಾಗ ನೋಡಿದ್ದು: ಇಪ್ಪತ್ತರ ಆಸುಪಾಸಿನ ಹುಡುಗ, ಗುಟ್ಕಾ ಅಭ್ಯಾಸ. ಮೂರು ಬೆರಳು ಒಟ್ಟಿಗೆ ಹಿಡಿದು ಬಾಯೊಳಗೆ ತೂರಿಸು ಎಂದರು. ಎರಡು ಬೆರಳಿಗೇ ದವಡೆ ನಿಂತಿತು. ಮೂರನೆಯದನ್ನು ಅವನು ಒತ್ತುತ್ತಲೇ ಇದ್ದ, ಕಣ್ಣಲ್ಲಿ ನೀರು ಬಂತು. ಆ ದವಡೆ ಬಿಡಿಸುವ ಮದ್ದನ್ನು ಮೊದಲು ಹುಡುಕಬೇಕಾದವರು ಅಡಿಕೆ ಬೆಳೆದು ಮನೆ ಕಟ್ಟಿಸಿದ ನಾವೇ ಅಲ್ಲವೇ?

ಹುಡುಕುವವರು ಎಲ್ಲಿಂದ ಬರಬೇಕು, ಅದು ಬೇರೆ ಸಂಕಟ. ಹಿಂದಿನ ವರ್ಷ ಒಂದು ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ಕರೆದಿದ್ದರು. ಊರಿನ ಹೆಸರು ಬೇಡ. ವೇದಿಕೆಗೆ ಎಲ್‌ಇಡಿ ಪರದೆ, ಅತಿಥಿಗಳಿಗೆ ಏಲಕ್ಕಿ ಹಾರ. ಪ್ರಯೋಗಾಲಯ ತೋರಿಸಿ ಎಂದೆ. ಬೀರುವಿನ ಕೀಲಿ ಸಿಗಲು ಅರ್ಧ ಗಂಟೆಯಾಯಿತು. ಒಳಗಿದ್ದ ಸೂಕ್ಷ್ಮದರ್ಶಕದ ಕುತ್ತಿಗೆಗೆ ಆಯುಧ ಪೂಜೆಯ ಕುಂಕುಮ, ಮಸೂರದ ತುಂಬ ಮಳೆಗಾಲದ ಬೂಷ್ಟು. ಜಪಾನಿನ ಅಕಿರಾ ಎಂಡೊ ಸುಮಾರು 6000 ಬೂಷ್ಟುಗಳನ್ನು ಸೋಸಿ ನೋಡಿ, 1973ರಲ್ಲಿ ಒಂದರಲ್ಲಿ ಕೊಲೆಸ್ಟರಾಲ್ ತಗ್ಗಿಸುವ ವಸ್ತುವನ್ನು ಕಂಡರು. ಇಂದಿನ ಸ್ಟ್ಯಾಟಿನ್ ಮಾತ್ರೆಗಳ ಮೂಲ ಅದೇ. ನಮ್ಮಲ್ಲಿ ಬೂಷ್ಟಿಗೇನು ಬರ, ಹೇಳಿ! ಅದನ್ನು ನೋಡಬೇಕಾದ ಮಸೂರವನ್ನೇ ತಿನ್ನಿಸಿ ಕೂತಿದ್ದೇವೆ.

ನಾಲ್ಕು ಪುಟ ಬರೆಯುವ ತಾಳ್ಮೆ ನಿಮಗಿದೆ. ಒಂದು ಕೆಲಸ ಮಾಡಿ. ನಿಮ್ಮೂರ ಶಾಲೆಯ ಆ ಬೀರುವಿನ ಕೀಲಿ ಯಾರ ಬಳಿ ಇದೆಯೆಂದು ವಿಚಾರಿಸಿ ಬರೆಯಿರಿ. ಆ ಪತ್ರವನ್ನೂ ಅಚ್ಚು ಹಾಕುತ್ತೇನೆ, ಎಷ್ಟು ಪುಟವಾದರೂ ಸರಿ.

ಸಂಪಾದಕ