ಪಿಸ್ತೂಲು ಬಾಗಿಲ ಪಾಕೆಟ್‌ನಲ್ಲಿ ಬೇಡ
ಕಾರಿನಲ್ಲಿ ಕೂತಾಗ ಸೊಂಟದ ಹೋಲ್‌ಸ್ಟರ್ (ಪಿಸ್ತೂಲು ಇಡುವ ಒರೆ) ಸೀಟ್ ಬೆಲ್ಟ್ ಬಕಲ್‌ಗೆ ಸಿಕ್ಕಿಕೊಳ್ಳುತ್ತೆ, ಪಿಸ್ತೂಲನ್ನು ಬಾಗಿಲ ಪಾಕೆಟ್‌ನಲ್ಲಿ ಇಡಲಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಜೋರಾಗಿ ಬ್ರೇಕ್ ಹಾಕಿದರೆ ಹಾರಿ ಪೆಡಲ್ ಕೆಳಗೆ ಬೀಳಬಹುದು. ಜತೆಗಿರುವ ಕೀಗೊಂಚಲು ಟ್ರಿಗರ್ ಎಳೆದರೂ ಎಳೆದೀತು. ಪಿಸ್ತೂಲು ಅಂಟಿಸಿಡುವ ಆಯಸ್ಕಾಂತದ ಮೌಂಟನ್ನೂ ನಂಬಬೇಡಿ, ಡಿಕ್ಕಿಯಾದರೆ ಪಿಸ್ತೂಲು ಕಳಚಿಕೊಳ್ಳಬಹುದು.

ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರನ್ನು ಬಕಲ್ ಇಲ್ಲದ ಬದಿಗೆ, ಸೊಂಟದ ಮುಂಭಾಗಕ್ಕೆ ಸರಿಸಿ. ಸೀಟ್ ಬೆಲ್ಟ್ ಪಿಸ್ತೂಲಿನ ಕೆಳಗೆ, ಸೊಂಟದ ಎಲುಬಿನ ಮೇಲೆ ಕೂರಲಿ. ಅಂಗಿಯ ಅಂಚು ಬೆಲ್ಟಿನ ಹೊರಗಿರಲಿ, ಇಲ್ಲದಿದ್ದರೆ ಕೈ ಹೋಗಲ್ಲ. ಗಾಡಿ ನಿಲ್ಲಿಸಿ, ತೆಗೆಯುವುದನ್ನು ಖಾಲಿ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಿ.

ಗುಂಡು ತುಂಬಿದ ಪಿಸ್ತೂಲನ್ನು ಕೂತಲ್ಲೇ ಹೊರತೆಗೆದು ಮತ್ತೆ ಒಳಗೆ ಹಾಕುವ ಆಟ ಮಾತ್ರ ಬೇಡ: ನಳಿಗೆ ನೇರ ತೊಡೆಗೇ ತಿರುಗುತ್ತೆ. ಇಳಿಯುವಾಗ ಪಿಸ್ತೂಲನ್ನು ಗಾಡಿಯಲ್ಲೇ ಬಿಡಬೇಕಾದರೆ ಹೋಲ್‌ಸ್ಟರ್ ಸಮೇತ ಬಿಚ್ಚಿ, ಸೀಟಿನ ಫ್ರೇಮಿಗೆ ಕೇಬಲ್ ಹಾಕಿದ ಲಾಕ್‌ಬಾಕ್ಸ್‌ನಲ್ಲಿಡಿ. ನಿಮ್ಮ ಲೈಸೆನ್ಸ್ ಇದಕ್ಕೆಲ್ಲ ಅವಕಾಶ ಕೊಡುತ್ತಾ ಅಂತ ಮೊದಲು ನೋಡಿಕೊಳ್ಳಿ.