ರಬ್ಬರ್ ಯಾರ ಕೈಯಲ್ಲಿರಬೇಕು?

ಮೂರನೇ ತರಗತಿಯ ಹುಡುಗ. ಹೋಂವರ್ಕ್ ಎಂದರೆ ಸಾಕು, ಹೊಟ್ಟೆನೋವು. ಮಕ್ಕಳ ವೈದ್ಯರು ನೋಡಿ, ಹೊಟ್ಟೆಗೆ ಏನೂ ಆಗಿಲ್ಲವೆಂದು ಹೇಳಿದ ಮೇಲೆ ತಾಯಿ ನನ್ನಲ್ಲಿಗೆ ಕರೆತಂದಿದ್ದರು. (ಗುರುತು ಸಿಗದಂತೆ ಕೆಲವು ವಿವರ ಬದಲಾಯಿಸಿದ್ದೇನೆ.) ದಿನಕ್ಕೊಂದು ಪುಟ ಕಾಪಿ, ಹತ್ತು ಲೆಕ್ಕ. ಸಂಜೆ ಆರಕ್ಕೆ ಕುಳಿತರೆ ಎಂಟೂವರೆಯಾದರೂ ಮುಗಿಯುತ್ತಿರಲಿಲ್ಲ. ನಡುವೆ ಗದರಿಕೆ, ಅಳು, ಒಮ್ಮೊಮ್ಮೆ ಏಟು.

ಇಂಥ ಮಕ್ಕಳು ಬಂದಾಗ ನಾನು ಮೊದಲು ನೋಡುವುದು ನೋಟ್‌ಬುಕ್. ಕಾಪಿ ಪುಸ್ತಕದ ಹಾಳೆ ಉಜ್ಜಿ ಉಜ್ಜಿ ಅಲ್ಲಲ್ಲಿ ತೂತು ಬಿದ್ದಿತ್ತು. ಅಕ್ಷರ ಗೆರೆ ದಾಟಿದರೆ ತಾಯಿ ಇಡೀ ಸಾಲನ್ನೇ ಅಳಿಸಿ ಮತ್ತೆ ಬರೆಸುತ್ತಿದ್ದರಂತೆ. ಪುಟದ ಮೇಲ್ಭಾಗದಲ್ಲಿ ಒತ್ತಕ್ಷರಗಳೆಲ್ಲ ಸರಿಯಾಗಿದ್ದವು. ಕೆಳಕ್ಕೆ ಹೋದಂತೆ ‘ಹಳ್ಳಿ’ ‘ಹಳಿ’ಯಾಗಿತ್ತು, ‘ಬೆಟ್ಟ’ ‘ಬೆಟ’ವಾಗಿತ್ತು. ಅವೇ ಪದಗಳನ್ನು ನನ್ನೆದುರು ತಡವರಿಸದೆ ಓದಿದ, ಹೇಳಿದಾಗ ತಪ್ಪಿಲ್ಲದೆ ಬರೆದ. “ಕಲಿಕಾ ನ್ಯೂನತೆ ಇದೆಯೇ ಮೇಡಂ?” ಎಂದು ತಾಯಿ ಕೇಳಿದರು. ಓದುವಾಗಲೂ ಹೀಗೆ ಜಾರಿದ್ದರೆ, ದಣಿಯದ ಹೊತ್ತಿನಲ್ಲೂ ತಪ್ಪುತ್ತಿದ್ದರೆ ಪರೀಕ್ಷೆಗೆ ಕಳುಹಿಸುತ್ತಿದ್ದೆ. ಇವನದು ಕೈ ಸೋತ ತಪ್ಪು. ಪೆನ್ಸಿಲನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದನೆಂದರೆ ಬೆರಳ ತುದಿ ಬಿಳಿಚುತ್ತಿತ್ತು.

ಲೆಕ್ಕದ ಪುಸ್ತಕದಲ್ಲಿ ಬೇರೆಯೇ ಕಥೆ. 52ರಲ್ಲಿ 27 ಕಳೆದರೆ 35. 61ರಲ್ಲಿ 38 ಕಳೆದರೆ 37. 70ರಲ್ಲಿ 46 ಕಳೆದರೆ 36. ತಾಯಿಗೆ ಇದು ಬೇಜವಾಬ್ದಾರಿತನ. ನನಗೆ ಎಲ್ಲವೂ ಒಂದೇ ಜಾತಿಯ ತಪ್ಪಾಗಿ ಕಂಡವು. ಹೇಗೆ ಮಾಡಿದೆ ಎಂದು ಕೇಳಿದೆ. “ಎರಡರಲ್ಲಿ ಏಳು ಹೋಗುವುದಿಲ್ಲ ಮಿಸ್, ಅದಕ್ಕೇ ಏಳರಲ್ಲಿ ಎರಡು ಕಳೆದೆ” ಎಂದ. ಯೋಚಿಸದ ಮಗು ಹೀಗೆ ಹೇಳಲಾರದು. ಶಾಲೆಯಲ್ಲಿ ಹತ್ತರ ಕಟ್ಟು ಬಿಚ್ಚಿ ತೋರಿಸಿದ್ದರು. ಮನೆಯಲ್ಲಿ ತಾತ “ಪಕ್ಕದ ಮನೆಯಿಂದ ಸಾಲ ತಗೋ” ಎನ್ನುತ್ತಿದ್ದರು. ಎರಡರ ನಡುವೆ ಸಿಕ್ಕಿಕೊಂಡ ಹುಡುಗ ತನ್ನದೇ ದಾರಿ ಹುಡುಕಿಕೊಂಡಿದ್ದ. ಇಂಥದ್ದನ್ನು ಇನ್ನೂ ಹತ್ತು ಲೆಕ್ಕ ಮಾಡಿಸಿದರೆ ತಪ್ಪೇ ಗಟ್ಟಿಯಾಗುತ್ತದೆ.

ತಾಯಿಗೆ ಹೇಳಿದ್ದು ಇಷ್ಟು. ರಬ್ಬರ್ ಇನ್ನು ಮುಂದೆ ಮಗನ ಬಳಿಯೇ ಇರಲಿ, ನೀವು ಮುಟ್ಟಬೇಡಿ. ಶಾಲೆಯಿಂದ ಬಂದವನು ತಿಂಡಿ ತಿಂದು, ಆಡಿ ಬರಲಿ. ಕಾಪಿಗೆ ಇಪ್ಪತ್ತು ನಿಮಿಷ. ಎಷ್ಟಾಗಿದೆಯೋ ಅಷ್ಟಕ್ಕೆ ನಿಲ್ಲಿಸಿ, ಡೈರಿಯಲ್ಲಿ ಹಾಗೆಂದೇ ಬರೆದು ಸಹಿ ಹಾಕಿ. ಉಳಿದ ಬರವಣಿಗೆ ಅವನಿಗೆ ಉಪಯೋಗಕ್ಕೆ ಬರುವಂಥದ್ದಾಗಲಿ: ಅಂಗಡಿ ಸಾಮಾನಿನ ಪಟ್ಟಿ, ಊರಲ್ಲಿರುವ ಅಜ್ಜಿಗೆ ಎರಡು ಸಾಲು. ಲೆಕ್ಕಕ್ಕೆ ಐದು ಹತ್ತರ ನೋಟು, ಎರಡು ಒಂದರ ನಾಣ್ಯ ಕೊಟ್ಟು ಇಪ್ಪತ್ತೇಳು ರೂಪಾಯಿ ಕೇಳಿ. ಚಿಲ್ಲರೆ ಸಾಲದೆ ಒಂದು ನೋಟನ್ನು ಮುರಿಸಲೇಬೇಕಾಗುತ್ತದೆ. ಅದಾದ ಮೇಲೆ ಅದೇ ಲೆಕ್ಕವನ್ನು ಪುಸ್ತಕದಲ್ಲಿ ಮಾಡಲಿ. ದಿನಕ್ಕೆ ಮೂರು ಸಾಕು. ಕೆಲವು ದಿನ ತಾತ ಸುಮ್ಮನಿರಲಿ. (ಎಲ್ಲಕ್ಕಿಂತ ಕಷ್ಟವಾದದ್ದು ಇದೇ.) ಹೊಡೆಯುವುದು ಇಂದಿಗೇ ನಿಲ್ಲಬೇಕು, ಕೋಪ ಬಂದರೆ ಎದ್ದು ಹೊರಗೆ ಹೋಗಿ.

ಟೀಚರ್ ಜೊತೆ ಮಾತಾಡಲು ತಾಯಿಗೆ ಅಳುಕಿತ್ತು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಎರಡನೇ ತರಗತಿಯವರೆಗೆ ಹೋಂವರ್ಕ್ ಬೇಡವೆನ್ನುತ್ತದೆ. ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ಇವರ ಮನೆಯಲ್ಲಿ ಅದು ಒಂದೇ ಸಂಜೆಗೆ ಮೀರುತ್ತಿತ್ತು. ಆದರೆ ನಿಯಮ ಹಿಡಿದು ಜಗಳಕ್ಕೆ ಹೋಗಬೇಡಿ, ತೂತು ಬಿದ್ದ ಹಾಳೆಯನ್ನೇ ತೋರಿಸಿ ಎಂದೆ. ಟೀಚರ್ ಅರ್ಧ ಪುಟಕ್ಕೆ ಒಪ್ಪಿದರು. ಮಕ್ಕಳು ಮನೆಯಲ್ಲಿ ಎಷ್ಟು ಹೊತ್ತು ಬರೆಯುತ್ತಾರೆಂದು ಯಾವ ಪೋಷಕರೂ ತಮಗೆ ಹೇಳಿರಲಿಲ್ಲ ಎಂದರಂತೆ.

ಮುಂದಿನ ಭೇಟಿಗೆ ತಂದೆಯೂ ಬಂದರು. ಕಳೆಯುವ ಲೆಕ್ಕ ಬಹುಮಟ್ಟಿಗೆ ಸರಿಹೋಗಿದೆ; ಸೊನ್ನೆ ಇರುವಲ್ಲಿ ಮಾತ್ರ ಇನ್ನೂ ಎಡವುತ್ತಾನೆ. ಉಕ್ತಲೇಖನದ ಹಿಂದಿನ ರಾತ್ರಿ ಹೊಟ್ಟೆನೋವು ಈಗಲೂ ಬರುತ್ತದೆ. ಆ ರಾತ್ರಿ ಪದಗಳನ್ನು ಬರೆಸದೆ, ತಂದೆ ಜೊತೆಗೆ ಕುಳಿತು ಬಾಯಲ್ಲಿ ಹೇಳಿಸಿ ಮಲಗಿಸಲಿ ಎಂದಿದ್ದೇನೆ.